ಮಾರುವವನ ಮೌನ

ದಲ್ಲಾಳಿಯ ನೆರವಿಲ್ಲದೆ ತನ್ನ ಹಳೆಯ ಕಾರನ್ನು ತಾನೇ ಮಾರಲು ಹೊರಟ ಗೃಹಸ್ಥನನ್ನು ಬೆಲೆಯ ಚೌಕಾಸಿಗಿಂತಲೂ ಹೆಚ್ಚಾಗಿ ಕಲಕುವ ಮಾತೊಂದುಂಟು. ಕೊಳ್ಳಲು ಬಂದವನು ಗಾಡಿಯನ್ನು ಒಂದು ಸುತ್ತು ನೋಡಿ, ಬಾಗಿಲುಗಳನ್ನು ತೆಗೆದು ಮುಚ್ಚಿ, ಆರ್‌ಸಿಯ ಮೇಲೊಮ್ಮೆ ಕಣ್ಣಾಡಿಸಿ, ಕೊನೆಗೆ ತುಸು ಸಂಕೋಚದಿಂದಲೇ, "ಸಾರ್, ನಮಗೆ ಗೊತ್ತಿರೋ ಮೆಕ್ಯಾನಿಕ್ ಒಬ್ಬರಿದ್ದಾರೆ, ಒಂದ್ಸಲ ತೋರಿಸಬಹುದಾ?" ಎಂದು ಕೇಳುತ್ತಾನೆ. "ಧಾರಾಳವಾಗಿ ತೋರಿಸಿ" ಎಂಬ ಮರುಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿಯೇ ಇರುವುದಾದರೂ, ಅದರ ಹಿಂದೆ ಎರಡು ಭಾವಗಳು ಒಂದನ್ನೊಂದು ತಳ್ಳಾಡುತ್ತಿರುತ್ತವೆ: ನನ್ನ ಮಾತನ್ನು ಈತನು ನಂಬಲಿಲ್ಲವಲ್ಲಾ ಎಂಬ ಸಣ್ಣ ಅವಮಾನವೊಂದು, ಆ ಮೆಕ್ಯಾನಿಕ್ಕನ ಕಣ್ಣಿಗೆ ಏನು ಬಿದ್ದೀತೋ ಎಂಬ ಅಳುಕು ಮತ್ತೊಂದು. ಮೊದಲನೆಯದು ಮಾನಕ್ಕೆ ಸಂಬಂಧಿಸಿದ್ದು, ಎರಡನೆಯದು ಧರ್ಮಕ್ಕೆ. ಇವೆರಡನ್ನೂ ಬೇರ್ಪಡಿಸಿ ನೋಡದಿರುವುದರಿಂದಲೇ ಇಷ್ಟು ಸಾಮಾನ್ಯವಾದ ವ್ಯವಹಾರದಲ್ಲಿ ಅಷ್ಟೊಂದು ಮುನಿಸೂ ಅಷ್ಟೊಂದು ವಂಚನೆಯೂ ನುಸುಳಿಕೊಳ್ಳುತ್ತವೆಂದು ನನಗೆ ತೋರುತ್ತದೆ.

ಅವಮಾನದ ಮಾತನ್ನು ಬೇಗ ಮುಗಿಸಬಹುದು. ಯಜಮಾನನಿಗೆ ತನ್ನ ಗಾಡಿಯ ಪರಿಚಯವು ಬಳಕೆಯಿಂದ ಬಂದದ್ದು, ಬಳಕೆಯಾದರೋ ತಿಳಿಸುವಷ್ಟನ್ನೇ ಮರೆಸಲೂಬಲ್ಲದು. ದಿನಕ್ಕಿಷ್ಟರಂತೆ ಬೆಳೆದ ಸಸ್ಪೆನ್ಷನ್ನಿನ ಕಟಕಟ ಸದ್ದು ಅವನ ಕಿವಿಗೆ ಕೇಳಿಸದೆ, ಮೊದಲ ಸಲ ಹಿಂದಿನ ಸೀಟಿನಲ್ಲಿ ಕುಳಿತ ನೆಂಟನಿಗೆ ಕೇಳಿಸುತ್ತದೆ. ಕ್ಲಚ್ಚು ಬಿಗಿಯಾಗುತ್ತ ಬಂದದ್ದು ಅವನ ಕಾಲಿಗೆ ತಿಳಿಯದು, ಏಕೆಂದರೆ ಕಾಲೂ ಅದರೊಡನೆಯೇ ಒಗ್ಗಿಕೊಳ್ಳುತ್ತ ಬಂದಿದೆ. "ನನ್ನ ಗಾಡಿ ನನಗೆ ಗೊತ್ತಿಲ್ವಾ?" ಎಂದು ಕೇಳುವವನಿಗೆ ಪ್ರಾಮಾಣಿಕವಾದ ಉತ್ತರವು, ಪೂರ್ತಿಯಾಗಿ ಗೊತ್ತಿಲ್ಲವೆಂಬುದೇ. ಪರೀಕ್ಷೆಯನ್ನು ಕೋರಿದವನು ಆತನ ತಿಳಿವಳಿಕೆಯನ್ನು ಸಂದೇಹಿಸಿದನೆಂದು ಎಣಿಸುವುದೇ ನ್ಯಾಯ. ತಿಳಿವಳಿಕೆಯನ್ನು ಸಂದೇಹಿಸಿದ್ದಕ್ಕಾಗಿ ಸಜ್ಜನನಾದವನು ಕೋಪಗೊಳ್ಳತಕ್ಕದ್ದಿಲ್ಲ.

ಈ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರು ತೋರಿದ ನಿರ್ವಿಕಾರಚಿತ್ತವು ಮೆಚ್ಚತಕ್ಕದ್ದು. ಕೊಂಡ ಮೇಲೆ ಹುಟ್ಟುವ ಪಶ್ಚಾತ್ತಾಪವನ್ನು ಅವರು ಮನುಷ್ಯಸಹಜವೆಂದು ಒಪ್ಪಿ, ಅದನ್ನು ವಿವಾದಗಳ ವರ್ಗದಲ್ಲಿ ಸೇರಿಸಿದರು. ನಾರದಸ್ಮೃತಿಯಲ್ಲಿ ಅದಕ್ಕೆಂದೇ ಪ್ರತ್ಯೇಕವಾದ ಪ್ರಕರಣವೊಂದಿದೆ. ಯಾಜ್ಞವಲ್ಕ್ಯಸ್ಮೃತಿಯ ಒಂದೇ ಒಂದು ಶ್ಲೋಕವು ಯಾವ ಸರಕನ್ನು ಎಷ್ಟು ಕಾಲ ಪರೀಕ್ಷಿಸಬಹುದೆಂದು ನಿಷ್ಕರ್ಷಿಸುತ್ತದೆ: ಬಿತ್ತನೆಯ ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ. ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಆದ್ದರಿಂದ ಈ ಪಟ್ಟಿಯು ನಮ್ಮ ನೆಲದ ಅಂಗಡಿಬೀದಿಗಳಿಗೂ ಸಂಬಂಧಪಟ್ಟದ್ದೆಂದು ಹೇಳಿಕೊಳ್ಳಲು ನಮಗೆ ಅಧಿಕಾರವುಂಟು. ಈ ಅವಧಿಗಳ ಹಿಂದಿರುವ ತರ್ಕವನ್ನು ಊಹಿಸುವುದು ಕಷ್ಟವಲ್ಲ. ವಸ್ತುವು ತನ್ನ ದೋಷವನ್ನು ಎಷ್ಟು ಕಾಲ ಒಳಗೇ ಇಟ್ಟುಕೊಳ್ಳಬಲ್ಲದೋ ಅಷ್ಟು ಕಾಲ ಪರೀಕ್ಷೆಗೆ ಸಲ್ಲುತ್ತದೆ: ಬೀಜದ ಸತ್ತ್ವವು ಮೊಳಕೆಯೊಡೆಯುವವರೆಗೆ ತಿಳಿಯದು, ಹಸುವಿನ ಹಾಲು ನಾಲ್ಕಾರು ಕರಾವುಗಳಲ್ಲಿ ತಿಳಿಯುತ್ತದೆ, ಎತ್ತು ಕುಂಟುವುದೋ ಇಲ್ಲವೋ ಎಂಬುದು ಹೊರೆ ಹೊರಿಸಿದ ಮೇಲೆಯೇ ಕಾಣುತ್ತದೆ. ಮಾರಿದವನು ಸಾಧುವೋ ಧೂರ್ತನೋ ಎಂಬುದರ ಮೇಲೆ ಈ ದಿನಗಳು ಒಂದೂ ಹೆಚ್ಚುವುದಿಲ್ಲ, ಒಂದೂ ಕಡಿಮೆಯಾಗುವುದಿಲ್ಲ. ವಿಜ್ಞಾನೇಶ್ವರನ ಮುಂದೆ ಮೋಟಾರು ಕಾರೊಂದನ್ನು ತಂದು ನಿಲ್ಲಿಸಿದ್ದರೆ ಅದನ್ನು ಹೊರೆ ಹೊರುವ ಪಶುಗಳ ಸಾಲಿಗೆ ಸೇರಿಸಿ 5 ದಿನ ಕೊಡುತ್ತಿದ್ದನೋ, ಕಬ್ಬಿಣವೆಂದು ಬಗೆದು 1 ದಿನಕ್ಕೆ ಮುಗಿಸುತ್ತಿದ್ದನೋ ಹೇಳಲಾರೆ. ಬೆಂಗಳೂರಿನ ಮಾರಾಟಗಾರನಂತೂ ಅರ್ಧ ಗಂಟೆ ಕೊಟ್ಟು ಗಡಿಯಾರ ನೋಡಿಕೊಳ್ಳುತ್ತಾನೆ.

ಇದೇ ಪಟ್ಟಿಯಲ್ಲಿ ಬೀಜ ಕಬ್ಬಿಣಗಳ ಜೊತೆಗೇ, ದಾಸಿಯಾದರೆ ಒಂದು ತಿಂಗಳು, ದಾಸನಾದರೆ ಅರ್ಧ ತಿಂಗಳು ಎಂಬ ಅವಧಿಗಳೂ ಸೇರಿವೆ. ಅದನ್ನು ಮರೆಮಾಚಿ ಶಾಸ್ತ್ರವನ್ನು ಹೊಗಳಹೊರಟರೆ ನಾನೂ ದೋಷವನ್ನು ಮುಚ್ಚಿ ಸರಕು ಮಾರಿದವನಾಗುತ್ತೇನೆ.

ಆದರೆ ಪರೀಕ್ಷೆಗೆ ಎರಡು ಅಲಗುಗಳುಂಟು. ಕೊಳ್ಳುವವನು ಸರಕಿನ ಗುಣದೋಷಗಳನ್ನು ಮೊದಲೇ ತಾನಾಗಿ ಪರೀಕ್ಷಿಸತಕ್ಕದ್ದೆಂದೂ, ಪರೀಕ್ಷಿಸಿ ಒಪ್ಪಿ ಕೊಂಡದ್ದನ್ನು ಮಾರಿದವನಿಗೆ ಹಿಂದಿರುಗಿಸಲು ಬಾರದೆಂದೂ ನಾರದನು ವಿಧಿಸುತ್ತಾನೆ. ಎಂದರೆ, ಪರೀಕ್ಷೆಗೆ ಅವಕಾಶ ಕೊಟ್ಟಾಗಲೇ ಹೊಣೆಯು ಮಾರುವವನ ಹೆಗಲಿನಿಂದ ಕೊಳ್ಳುವವನ ಹೆಗಲಿಗೆ ಸರಿಯತೊಡಗುತ್ತದೆ. ನಮ್ಮ ಪ್ರಶ್ನೆಯು ಹುಟ್ಟುವುದು ಇಲ್ಲಿಯೇ: ಬಾನೆಟ್ಟನ್ನು ತೆರೆದು ಕೊಟ್ಟವನು ಬಾಯನ್ನು ತೆರೆಯಬೇಕಾದ ಕರ್ತವ್ಯದಿಂದ ಬಿಡುಗಡೆ ಹೊಂದಿದನೇ?

ಪರೀಕ್ಷೆಯು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದಲ್ಲದೆ ಈ ಪ್ರಶ್ನೆಯ ತೂಕ ತಿಳಿಯದು. ಅನುಭವಸ್ಥನಾದ ಮೆಕ್ಯಾನಿಕ್ಕನು ಕೀಲಿಯನ್ನು ಕೇಳುವುದಕ್ಕೆ ಮುನ್ನವೇ ಬಾನೆಟ್ಟಿನ ಮೇಲೆ ಅಂಗೈಯನ್ನಿಡುತ್ತಾನೆ. ಅದು ಬೆಚ್ಚಗಿದ್ದರೆ ಅವನ ಮುಖಭಾವ ಬದಲಾಗುತ್ತದೆ. ರಾತ್ರಿಯೆಲ್ಲ ತಣ್ಣಗಿದ್ದ ಎಂಜಿನ್ನು ಮೊದಲ ಸಲ ಎದ್ದೇಳುವಾಗ ತೋರುವ ಎಳೆದಾಟ, ಚೈನಿನ ಗಲಗಲ ಸದ್ದು, ಸೈಲೆನ್ಸರಿನಿಂದ ಹೊರಡುವ ನೀಲಿಯ ಹೊಗೆ, ಇವೆಲ್ಲವನ್ನೂ ಮಾರುವವನು ಮುಂಚಿತವಾಗಿಯೇ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ಅಡಗಿಸಿದ್ದಾನೆ. ಅವನು ಒಂದು ಮಾತನ್ನೂ ಆಡದಿದ್ದರೂ ಬಾನೆಟ್ಟು ಅವನ ಪರವಾಗಿ ಸುಳ್ಳಾಡಿದೆ. ಮೆಕ್ಯಾನಿಕ್ಕನು ಆಯಿಲ್ ಮುಚ್ಚಳವನ್ನು ತಿರುಚಿ ತೆಗೆದು ಅದರ ಅಡಿಯಲ್ಲಿ ಹಾಲಿನ ಕೆನೆಯಂತಹ ಬಿಳಿಯ ಅಂಟು ಇದೆಯೇ ಎಂದು ನೋಡುತ್ತಾನೆ. ಇದ್ದರೆ ಕೂಲೆಂಟು ಆಯಿಲ್ಲಿಗೆ ಸೇರುತ್ತಿರಬಹುದೆಂಬ ಶಂಕೆ. ಮುಂದಿನ ಫೆಂಡರಿನ ಬೋಲ್ಟುಗಳ ಬಣ್ಣ ಎದ್ದಿದೆಯೇ ಎಂದು ಬೆರಳಿನಿಂದ ಸವರುತ್ತಾನೆ, ಏಕೆಂದರೆ ಸ್ಪ್ಯಾನರು ತಾಗಿದ ಬೋಲ್ಟು ಎಂದೋ ಒಮ್ಮೆ ಬಿಚ್ಚಿದ ಬೋಲ್ಟು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಿಂದ ಅದು ಯಾವ ವರ್ಷದ ಎಷ್ಟನೆಯ ವಾರದಲ್ಲಿ ತಯಾರಾಯಿತೆಂದು ಓದಿಕೊಳ್ಳುತ್ತಾನೆ. ಕೊನೆಗೆ ಸೀಟ್ ಬೆಲ್ಟನ್ನು ತುದಿಯವರೆಗೂ ಎಳೆಯುತ್ತಾನೆ. ಯಾರೂ ಎಂದೂ ಎಳೆಯದ ಆ ಕಡೆಯ ಗೇಣುದ್ದದ ಪಟ್ಟಿಯಲ್ಲಿ, ಸೀಟು ತೊಳೆದವರ ಕೈಗೂ ಸಿಕ್ಕದೆ, ಕೆಸರಿನ ಒಂದು ಗೆರೆ ಉಳಿದಿರುವುದುಂಟು.

ಆ ಗೆರೆಯ ಅರ್ಥ ಬೆಂಗಳೂರಿಗರಿಗೆ ಗೊತ್ತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಯಮಲೂರುಗಳ ಕಡೆ ಬಡಾವಣೆಗಳೇ ಕೆರೆಗಳಾಗಿ, ನಿಲ್ಲಿಸಿದ ಕಾರುಗಳು ನಿಂತಲ್ಲಿಯೇ ಮುಳುಗಿದವು. ಅಂಥ ಗಾಡಿಯನ್ನು ತೊಳೆದು ಒಣಗಿಸಿ ಮಾರುವವನು ತನ್ನ ಮನಸ್ಸಿಗೆ ಹೇಳಿಕೊಳ್ಳುವ ಸಮಾಧಾನವೆಂದರೆ, ಮಳೆ ಬಂದದ್ದು ನನ್ನ ತಪ್ಪೇ ಎಂಬುದು. ಇಸ್ಲಾಮಿನ ಹದೀಸುಗಳಲ್ಲಿ ಇದಕ್ಕೆ ಸರಿಸಮನಾದ ಪ್ರಸಂಗವೊಂದಿದೆ. ಪ್ರವಾದಿ ಮುಹಮ್ಮದರು ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಂದರೊಳಗೆ ಕೈಯಿಟ್ಟಾಗ ಒಳಗಿನ ಒದ್ದೆ ಬೆರಳಿಗೆ ತಾಗಿತು. ಇದೇನೆಂದು ಕೇಳಿದ್ದಕ್ಕೆ ವರ್ತಕನು, ಮಳೆ ಬಿದ್ದಿತೆಂದನು. ಹಾಗಾದರೆ ನೆನೆದ ಕಾಳನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿ, ವಂಚಿಸುವವನನ್ನು ತಮ್ಮವನೆಂದು ಎಣಿಸಲೊಲ್ಲೆನೆಂದರು. ವರ್ತಕನು ಹೇಳಿದ್ದು ಸುಳ್ಳಲ್ಲ, ಮಳೆ ನಿಜವಾಗಿಯೂ ಬಿದ್ದಿತ್ತು. ದೋಷಕ್ಕೆ ಕಾರಣನಾಗದವನೂ ದೋಷದ ಸ್ಥಾನಕ್ಕೆ ಕಾರಣನಾಗಬಹುದೆಂಬುದನ್ನು ಇಷ್ಟು ಚಿಕ್ಕ ಕಥೆಯಲ್ಲಿ ಇಷ್ಟು ನಿಚ್ಚಳವಾಗಿ ತಿಳಿಸಿದ ಬೇರೆ ಪ್ರಸಂಗವನ್ನು ನಾನರಿಯೆ.

ಇನ್ನು ನಮ್ಮನ್ನು ಈಗ ಆಳುವ ಕಾನೂನು ಏನೆನ್ನುತ್ತದೆಂಬುದನ್ನು ನೋಡಬೇಕು. 1872ರ ಭಾರತೀಯ ಕರಾರು ಕಾಯಿದೆಯು ಕಾರುಗಳಿಲ್ಲದ ಕಾಲದ್ದಾದ್ದರಿಂದ ತನ್ನ 17ನೆಯ ಕಲಮಿನಲ್ಲಿ ಕುದುರೆಯ ದೃಷ್ಟಾಂತವನ್ನು ಕೊಡುತ್ತದೆ. ಒಬ್ಬನು ತನ್ನ ಕುದುರೆಯು ಸ್ವಸ್ಥವಾಗಿಲ್ಲವೆಂದು ಬಲ್ಲನು. ಹರಾಜಿನಲ್ಲಿ ಮಾರುವಾಗ ಆ ಸಂಗತಿಯನ್ನು ಎತ್ತುವುದಿಲ್ಲ. ಇಷ್ಟರಿಂದಲೇ ಅದು ವಂಚನೆಯಾಗದು. ಕೊಳ್ಳುವವಳು ಆಗತಾನೆ ವಯಸ್ಕಳಾದ ಅವನ ಮಗಳಾಗಿದ್ದರೆ ಮಾತ್ರ, ಆ ಸಂಬಂಧದ ಕಾರಣದಿಂದ, ಹೇಳುವುದು ಅವನ ಕರ್ತವ್ಯವಾಗುತ್ತದೆ. ಮತ್ತೊಂದು ಸಂದರ್ಭದಲ್ಲಿ ಕೊಳ್ಳುವವನೇ ಮುಂದಾಗಿ, ನೀವು ಅಲ್ಲಗಳೆಯದಿದ್ದರೆ ಕುದುರೆಯು ಸ್ವಸ್ಥವೆಂದೇ ತಿಳಿಯುವೆನೆಂದು ಹೇಳುತ್ತಾನೆ, ಮಾರುವವನು ಸುಮ್ಮನಿರುತ್ತಾನೆ, ಆಗ ಆ ಮೌನವು ಮಾತಿಗೆ ಸಮಾನ. ಇಷ್ಟಾದ ಮೇಲೆ 19ನೆಯ ಕಲಮು ಒಂದು ಅಪವಾದವನ್ನು ಕೂಡಿಸುತ್ತದೆ: ಸಾಧಾರಣ ಎಚ್ಚರಿಕೆಯಿಂದ ಸತ್ಯವನ್ನು ಕಂಡುಕೊಳ್ಳುವ ಸಾಧನವು ಕೊಂಡವನಿಗೆ ಇದ್ದಿತಾದರೆ, ಮಾರಿದವನ ಮೌನವನ್ನು ಮುಂದೊಡ್ಡಿ ಕರಾರನ್ನು ರದ್ದುಪಡಿಸಿಕೊಳ್ಳಲು ಅವನಿಗೆ ಬರುವುದಿಲ್ಲ.

ಬುದ್ಧಿವಂತನಾದ ಮಾರಾಟಗಾರನಿಗೆ ಇದಕ್ಕಿಂತ ಗಟ್ಟಿಯಾದ ಗುರಾಣಿ ಬೇಕಿಲ್ಲ. ಆದಕಾರಣವೇ ಎಲ್ಲಕ್ಕಿಂತ ಹೆಚ್ಚು ಮುಚ್ಚಿಡಬೇಕಾದವನು ಎಲ್ಲರಿಗಿಂತ ಉದಾರವಾಗಿ ಮಾತನಾಡುತ್ತಾನೆ: "ಯಾರನ್ನ ಬೇಕಾದ್ರೂ ಕರ್ಕೊಂಡು ಬನ್ನಿ, ಎಲ್ಲಿ ಬೇಕಾದ್ರೂ ತೋರಿಸಿ, ನಂದೇನೂ ಅಭ್ಯಂತರ ಇಲ್ಲ." ಗೇರ್‌ಬಾಕ್ಸು ಒಂದು ಗಂಟೆ ಟ್ರಾಫಿಕ್ಕಿನಲ್ಲಿ ಕಾದ ಮೇಲೆಯೇ ಎರಡನೆಯ ಗೇರಿನಿಂದ ಜಾರುವುದೆಂಬುದನ್ನು ಅವನು ಬಲ್ಲ, ಮೆಕ್ಯಾನಿಕ್ಕನು ಅರ್ಧ ಗಂಟೆಗಿಂತ ಹೆಚ್ಚು ಇರಲಾರನೆಂಬುದನ್ನೂ ಬಲ್ಲ. ಅವನ ಔದಾರ್ಯವು ಈ ಎರಡು ತಿಳಿವಳಿಕೆಗಳ ನಡುವಣ ಅಂತರದ ಮೇಲೆ ಕಟ್ಟಿದ ಪಣ. ಪರೀಕ್ಷೆಯನ್ನು ನಿರಾಕರಿಸುವ ಒರಟನು ಇವನಿಗಿಂತ ಎಷ್ಟೋ ಮೇಲು. ಅವನಲ್ಲಿಗೆ ಬಂದವನು ಕನಿಷ್ಠಪಕ್ಷ ಎಚ್ಚೆತ್ತು ಹಿಂದಿರುಗುತ್ತಾನೆ.

ಈ ವಿವಾದವು ಬಹು ಹಳೆಯದು. ಕ್ರಿ.ಪೂ. 44ರಲ್ಲಿ ಸಿಸೆರೋ ತನ್ನ ಮಗನನ್ನು ಉದ್ದೇಶಿಸಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ, ಸ್ಟೋಯಿಕ್ ಪಂಥದ ಇಬ್ಬರು ಆಚಾರ್ಯರನ್ನು ಎದುರುಬದುರಾಗಿ ನಿಲ್ಲಿಸುತ್ತಾನೆ. ಒಬ್ಬನು ತನ್ನ ಮನೆಯನ್ನು ಮಾರುತ್ತಿದ್ದಾನೆ. ಅದು ರೋಗಕರವಾದದ್ದೆಂದೂ, ಕೋಣೆಕೋಣೆಯಲ್ಲಿ ಹುಳುಹುಪ್ಪಟೆಗಳಿವೆಯೆಂದೂ, ಮರ ಕೆಟ್ಟು ಬೀಳುವಂತಿದೆಯೆಂದೂ ಅವನೊಬ್ಬನಿಗೇ ಗೊತ್ತು. ಬ್ಯಾಬಿಲೋನಿನ ಡಯೋಜೆನೀಸನು ಹೇಳುತ್ತಾನೆ: ಅವನು ಯಾರನ್ನೂ ಬಲಾತ್ಕರಿಸಲಿಲ್ಲ, ಕೊಳ್ಳುವವನಿಗೆ ಸ್ವಂತ ವಿವೇಚನೆಯುಂಟು, ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ, ತನ್ನ ಸರಕಿನ ದೋಷವನ್ನು ತಾನೇ ಡಂಗುರ ಹೊಡೆಯುವುದಕ್ಕಿಂತ ಮೂರ್ಖತನವುಂಟೆ? ಅವನ ಶಿಷ್ಯನಾದ ಟಾರ್ಸಸ್ಸಿನ ಆಂಟಿಪೇಟರನು ಒಪ್ಪುವುದಿಲ್ಲ: ದಾರಿ ತಪ್ಪಿದವನಿಗೆ ದಾರಿ ತೋರದಿರುವುದೇ ದೋಷವಾದರೆ, ತಿಳಿದೂ ತಿಳಿದೂ ಒಬ್ಬನನ್ನು ತಪ್ಪುದಾರಿಗೆ ಬಿಡುವುದು ಇನ್ನೂ ಹೀನ. ಸಿಸೆರೋ ಶಿಷ್ಯನ ಪಕ್ಷವನ್ನು ಹಿಡಿಯುತ್ತಾನೆ.

ನಾನೂ ಆ ಪಕ್ಷದವನೇ, ಆದರೆ ನನ್ನ ಕಾರಣ ಸ್ವಲ್ಪ ಬೇರೆ. ಯಾರೂ ಏನನ್ನೂ ಕೇಳದಿರುವಾಗ ಮಾರುವವನ ಮೌನವು ಅವನ ಸ್ವಂತ ಸ್ವತ್ತೆಂದು ಡಯೋಜೆನೀಸನೊಡನೆ ವಾದಕ್ಕಾಗಿ ಒಪ್ಪೋಣ. ಆದರೆ "ಮೆಕ್ಯಾನಿಕ್ಕಿಗೆ ತೋರಿಸಬಹುದಾ?" ಎಂಬ ಕೋರಿಕೆಯು ಬಂದಾಗಲೇ ಪರಿಸ್ಥಿತಿ ಬದಲಾಯಿತು. ಅದು ರೂಪದಲ್ಲಿ ಅನುಮತಿಯ ಯಾಚನೆ, ತಿರುಳಿನಲ್ಲಿ ಪ್ರಶ್ನೆ: ಈ ಗಾಡಿಗೆ ಏನಾಗಿದೆ? ಮನುಷ್ಯನನ್ನು ನೇರವಾಗಿ ಕೇಳಿದರೆ ಅವನಿಗೆ ನೋವಾದೀತೆಂಬ ದಾಕ್ಷಿಣ್ಯದಿಂದ ಕೊಳ್ಳುವವನು ಆ ಪ್ರಶ್ನೆಯನ್ನು ಕಬ್ಬಿಣದ ಕಡೆಗೆ ತಿರುಗಿಸಿದ್ದಾನೆ. ಉತ್ತರವನ್ನು ಬಲ್ಲವನು ಎದುರಿಗೇ ನಿಂತಿದ್ದು, ಉತ್ತರವನ್ನು ಅರಿಯದ ಮೂರನೆಯವನು ಸ್ಪ್ಯಾನರು ಹಿಡಿದು ಹುಡುಕುತ್ತಿರುವಾಗ, ಆ ನಿಂತವನ ಮೌನವು ಇನ್ನು ಮೌನವಾಗಿ ಉಳಿಯದು. ಕಾಯಿದೆಯ ಕುದುರೆಯ ಮೂರನೆಯ ದೃಷ್ಟಾಂತಕ್ಕೆ ಅದು ಬಂದು ನಿಂತಿತು. ಕಾನೂನಿನಲ್ಲಿ ಪರೀಕ್ಷೆಯ ಕೋರಿಕೆಯು ಮಾರುವವನನ್ನು ಬಿಡಿಸುತ್ತದೆ, ಧರ್ಮದಲ್ಲಿ ಅದೇ ಕೋರಿಕೆಯು ಅವನನ್ನು ಕಟ್ಟಿಹಾಕುತ್ತದೆ. ಕಾನೂನಿಗೆ ವಿವಾದವನ್ನು ಎಲ್ಲಿಯಾದರೂ ಒಂದು ಕಡೆ ಮುಗಿಸಲೇಬೇಕಾದ ಅನಿವಾರ್ಯತೆಯಿದೆಯಾಗಿ ನಾನು ಅದನ್ನು ನಿಂದಿಸುವುದಿಲ್ಲ. ಕಾನೂನು ಕ್ಷಮಿಸಿದ್ದನ್ನು ಅಂತಃಕರಣವೂ ಕ್ಷಮಿಸಬೇಕೆಂದು ವಾದಿಸುವವರನ್ನು ಮಾತ್ರ ಒಪ್ಪಲಾರೆ. ಜೈನರ ತತ್ತ್ವಾರ್ಥಸೂತ್ರವು ಹೀನವಾದ ಸರಕನ್ನು ಉತ್ತಮವೆಂದು ದಾಟಿಸುವ ವ್ಯವಹಾರವನ್ನು ಸತ್ಯವ್ರತದ ಅತಿಚಾರಗಳಲ್ಲಿ ಎಣಿಸದೆ ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಇಲ್ಲಿ ಬಹಳ ಅರ್ಥವತ್ತಾಗಿ ಕಾಣುತ್ತದೆ. ದೋಷ ತಿಳಿದಿದ್ದರೆ ಕೊಡುತ್ತಿದ್ದ ಬೆಲೆಗೂ ತಿಳಿಯದೆ ಕೊಟ್ಟ ಬೆಲೆಗೂ ನಡುವಣ ಹಣವು ಯಾರ ಜೇಬಿನಿಂದ ಯಾರ ಜೇಬಿಗೆ ಹೋಯಿತೆಂದು ನೋಡಿದರೆ, ಜೈನಾಚಾರ್ಯರ ಲೆಕ್ಕವೇ ಸರಿ.

ಆದ್ದರಿಂದ ತಿಳಿದದ್ದನ್ನು ಹೇಳತಕ್ಕ ಸಮಯವು ಬಾನೆಟ್ಟು ತೆರೆಯುವುದಕ್ಕೆ ಮುಂಚಿನದು. ಮೆಕ್ಯಾನಿಕ್ಕನು ಕಂಡುಹಿಡಿದ ಮೇಲೆ "ಹೌದು, ಅದೊಂದಿದೆ" ಎನ್ನುವುದು ಸಿಕ್ಕಿಬಿದ್ದವನ ಒಪ್ಪಿಗೆ ಮಾತ್ರ. ಹೀಗೆ ಹೇಳಿದರೆ ನಷ್ಟವಾಗುವುದೆಂಬ ಭಯಕ್ಕೆ ಅರ್ಥಶಾಸ್ತ್ರಜ್ಞರು ಒಂದು ಸಮಾಧಾನ ಕೊಡುತ್ತಾರೆ. 1970ರಲ್ಲಿ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು, ಒಳ್ಳೆಯ ಗಾಡಿಯನ್ನೂ ಕೆಟ್ಟ ಗಾಡಿಯನ್ನೂ ಕೊಳ್ಳುವವರು ಬೇರ್ಪಡಿಸಿ ಅರಿಯಲಾರದಿದ್ದಾಗ ಎಲ್ಲಕ್ಕೂ ಸಂಶಯದ ಬೆಲೆಯನ್ನೇ ಕಟ್ಟುವರೆಂದೂ, ಒಳ್ಳೆಯ ಗಾಡಿಯವರು ಪೇಟೆಯಿಂದಲೇ ಹಿಂಜರಿಯುವರೆಂದೂ ತೋರಿಸಿಕೊಟ್ಟರು. 2001ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮೂವರಲ್ಲಿ ಅವರೊಬ್ಬರು. ಪ್ರಾಮಾಣಿಕನಿಗೆ ಪರೀಕ್ಷೆಯು ಲಾಭವೇ ಎಂಬುದು ಇದರಿಂದ ಸಿದ್ಧವಾಗುತ್ತದೆ. ಆದರೂ ಲಾಭದ ಮೇಲೆ ಧರ್ಮವನ್ನು ಕಟ್ಟಹೊರಟರೆ ಒಂದು ಕಡೆ ಕುಸಿಯುತ್ತದೆ. ಯಾವ ಮೆಕ್ಯಾನಿಕ್ಕನೂ ಎಂದೂ ಕಂಡುಹಿಡಿಯಲಾರದ ದೋಷವಿದ್ದಾಗ ಲಾಭವು ಮೌನದ ಕಡೆಗೇ ಇರುತ್ತದಲ್ಲವೆ?

ಕರ್ತವ್ಯಕ್ಕೆ ಎಲ್ಲೆಯಿಲ್ಲವೆಂದು ಇದರಿಂದ ಯಾರೂ ಭಾವಿಸಬಾರದು. ಬಾಗಿಲಿನ ಮೇಲಿನ ಡೆಂಟನ್ನು ಡಂಗುರ ಹೊಡೆಯಬೇಕಿಲ್ಲ. ಕುದುರೆಗೆ ಒಂದೇ ಕಣ್ಣಿರುವುದು ಎಲ್ಲರಿಗೂ ಕಾಣುವಂತಿದ್ದು ಬೆಲೆಯೂ ಅದಕ್ಕೆ ತಕ್ಕಂತೆ ತಗ್ಗಿದ್ದರೆ ಮಾರುವವನು ಬಾಯಿಬಿಟ್ಟು ಹೇಳಬೇಕಾಗಿಲ್ಲವೆಂದು ಕ್ರೈಸ್ತ ಆಚಾರ್ಯನಾದ ಥಾಮಸ್ ಅಕ್ವಿನಾಸನೂ ಒಪ್ಪಿದ್ದಾನೆ. ಕೊಳ್ಳುವವನಿಗೂ ಧರ್ಮವುಂಟು. ಯೆಹೂದ್ಯರ ಮಿಷ್ನಾ ಗ್ರಂಥವು ಮಾರುವ ಪಶುವಿಗೂ ಪಾತ್ರೆಗೂ ಬಣ್ಣ ಬಳಿದು ಹೊಸದೆನಿಸುವುದನ್ನು ನಿಷೇಧಿಸುವ ಅಧ್ಯಾಯದಲ್ಲಿಯೇ, ಕೊಳ್ಳುವ ಮನಸ್ಸಿಲ್ಲದವನು ಬೆಲೆ ಕೇಳುವುದನ್ನೂ ನಿಷೇಧಿಸುತ್ತದೆ. ಭಾನುವಾರದ ಹೊತ್ತು ಕಳೆಯಲೆಂದು ಟೆಸ್ಟ್ ಡ್ರೈವ್ ಮಾಡುವವರು ಇದನ್ನು ನೆನೆಯಬೇಕು. ಮೆಕ್ಯಾನಿಕ್ಕನ ಕೂಲಿ ಕೊಳ್ಳುವವನದು. ಗಾಡಿಯನ್ನು ಓಡಿಸಿ ನೋಡುವವನ ಲೈಸೆನ್ಸನ್ನು ನೋಡುವುದು, ವಿಮೆ ಚಾಲ್ತಿಯಲ್ಲಿದೆಯೆಂದು ಖಚಿತಪಡಿಸಿಕೊಳ್ಳುವುದು, ಪಕ್ಕದ ಸೀಟಿನಲ್ಲಿ ತಾನೂ ಕೂರುವುದು, ಮೂಲಪತ್ರಗಳನ್ನು ತೋರಿಸಿದರೂ ಕೈಬಿಡದಿರುವುದು, ಇವು ಯಾವುವೂ ಅವಿಶ್ವಾಸವೆನಿಸವು. ಆರ್‌ಸಿಯಲ್ಲಿ ಹೆಸರಿರುವವನೇ ಅಪಘಾತಕ್ಕೆ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇ‌ಳಿರುವಾಗ, 29 ಮತ್ತು 30ನೆಯ ಫಾರಂಗಳು ಆರ್‌ಟಿಒ ಕಚೇರಿಯಲ್ಲಿ ಸೇರಿ ಹೆಸರು ಬದಲಾಗುವವರೆಗೂ ಎಚ್ಚರದಿಂದಿರುವುದು ಗೃಹಸ್ಥಧರ್ಮವೇ ಸರಿ.

ಇದಕ್ಕಿಂತ ತೊಡಕಿನ ಪ್ರಶ್ನೆಯು ವ್ಯಾಪಾರ ಮುರಿದುಬಿದ್ದಾಗ ಏಳುತ್ತದೆ. ಮೊದಲು ಬಂದವನ ಮೆಕ್ಯಾನಿಕ್ಕನು ಮುಂಭಾಗದ ಏಪ್ರನ್ನಿನಲ್ಲಿ ವೆಲ್ಡಿಂಗಿನ ಗುರುತನ್ನು ಕಂಡು, ಇದು ಎಂದೋ ಬಲವಾಗಿ ಗುದ್ದಿದ ಗಾಡಿಯೆಂದು ಹೇಳಿ ಹೊರಟುಹೋದನೆಂದು ಇಟ್ಟುಕೊಳ್ಳೋಣ. ಮಾರುವವನು ಎರಡನೆಯ ಓನರು. ಆ ಗುದ್ದು ಅವನ ಕಾಲಕ್ಕೆ ಹಿಂದಿನದು. ನಿನ್ನೆಯವರೆಗೆ ಅವನು "ನನಗೆ ತಿಳಿದಮಟ್ಟಿಗೆ ಆಕ್ಸಿಡೆಂಟ್ ಆಗಿಲ್ಲ" ಎಂದು ನಿಷ್ಕಳಂಕವಾಗಿ ಹೇಳುತ್ತಿದ್ದ ಮಾತೇ, ಗಾಡಿಯಲ್ಲಿ ಒಂದು ಬೋಲ್ಟೂ ಬದಲಾಗದಿದ್ದರೂ, ಇಂದು ಸುಳ್ಳಾಗಿದೆ. ಇದನ್ನು ಬಲ್ಲ ಚತುರರು ಮೆಕ್ಯಾನಿಕ್ಕನು ವರದಿ ಒಪ್ಪಿಸುವ ಹೊತ್ತಿಗೆ ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುವುದನ್ನು ನಾನು ನೋಡಿದ್ದೇನೆ. ಕೇಳದಿದ್ದರೆ ತಿಳಿಯಲಿಲ್ಲ, ತಿಳಿಯದಿದ್ದರೆ ಹೇಳಬೇಕಾಗಿಲ್ಲ ಎಂಬುದು ಅವರ ನ್ಯಾಯ. ಆದರೆ ಆರಿಸಿಕೊಂಡ ಅಜ್ಞಾನವು ಅಜ್ಞಾನದ ಸವಲತ್ತುಗಳನ್ನು ಕೇಳಲಾರದು. ಒಳಗೆ ಹೋದವನು ತಾನು ಏನನ್ನು ಕೇಳಿಸಿಕೊಳ್ಳದಿರಲು ಹೋದೆನೆಂಬುದನ್ನು ಬಲ್ಲವನಾಗಿಯೇ ಹೋದನಷ್ಟೆ. ಮೆಕ್ಯಾನಿಕ್ಕನು ಕಂಡದ್ದನ್ನು ಕೇಳಿ, ಬೇಕಾದರೆ ಅವನ ಕೂಲಿಯಲ್ಲಿ ಪಾಲು ಕೊಟ್ಟಾದರೂ ಬರೆಯಿಸಿಕೊಂಡು, ಮುಂದೆ ಬರುವವನಿಗೆ ಅದನ್ನು ತೋರಿಸಬೇಕು. ಆ ಅಭಿಪ್ರಾಯ ತಪ್ಪೆಂದು ತೋರಿದರೆ ಬೇರೆ ಗ್ಯಾರೇಜಿನಲ್ಲಿ ಇನ್ನೊಂದು ಅಭಿಪ್ರಾಯವನ್ನು ಪಡೆಯಬಹುದು. ಆಗ ಎರಡನ್ನೂ, ತಾನು ಯಾವುದನ್ನು ಏಕೆ ನಂಬುವೆನೆಂಬುದನ್ನೂ ಹೊಸಬನಿಗೆ ಹೇಳಿ, ರಿಪೇರಿಗೆ ತಗಲಬಹುದಾದ ವೆಚ್ಚದ ಅಂದಾಜನ್ನು ಅವನ ಕೈಗಿತ್ತು, ಆಮೇಲೆ ಬೆಲೆಯ ಮಾತಿಗೆ ಕೂಡಬಹುದು. ಚೌಕಾಸಿಯನ್ನು ಯಾವ ಧರ್ಮವೂ ನಿಷೇಧಿಸಿದಂತೆ ಕಾಣೆ.